ಮಸಾಲೆ ದೋಸೆ ಮತ್ತು ಬಾಡಿಗೆ ಕರಾರು

(ಮಲ್ಲೇಶ್ವರದ ಒಂದು ಸಂಜೆ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಮಾತಾಡುವಾಗ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಅಡುಗೆ ಭಟ್ಟನೂ ಅಲ್ಲ, ಹೋಟೆಲ್ ಮಾಲೀಕನೂ ಅಲ್ಲ. ಹೋಟೆಲ್‌ಗಳ ಲೆಕ್ಕ ಬರೆದವನು. ಗಲ್ಲಾದ ಹಿಂದೆ ಸಣ್ಣ ಮೇಜು ಹಾಕಿಕೊಂಡು ಹಾಲಿನ ಬಿಲ್ಲು, ಗ್ಯಾಸಿನ ಬಿಲ್ಲು, ತರಕಾರಿ ಚೀಟಿ ಜೋಡಿಸುತ್ತಾ ಕೂತವನು. ಹಾಗಾಗಿ ನನ್ನ ಮಾತಿನಲ್ಲಿ ರುಚಿಗಿಂತ ರೂಪಾಯಿಯೇ ಜಾಸ್ತಿ ಬರುತ್ತದೆ. ಬೇಜಾರು ಮಾಡ್ಕೋಬೇಡಿ.

ಒಂದು ಹಳೇ ಹೋಟೆಲ್ ಮುಚ್ಚಿತು ಅಂದ ಕೂಡಲೇ ನಮ್ಮ ಬಾಯಲ್ಲಿ ಬರುವ ಮಾತು ಎರಡೇ. 'ಈಚೆಗೆ ಅಲ್ಲಿ ರುಚಿ ಹೋಗಿತ್ತು ಬಿಡಿ' ಅನ್ನುತ್ತೇವೆ. ಇಲ್ಲವಾದರೆ 'ಈಗಿನ ಹುಡುಗರಿಗೆ ಇಡ್ಲಿ ಎಲ್ಲಿ ಬೇಕು' ಅನ್ನುತ್ತೇವೆ. ನಾನು ನೋಡಿದ ಲೆಕ್ಕದ ಪುಸ್ತಕಗಳು ಎರಡನ್ನೂ ಒಪ್ಪುವುದಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ ಕಾಲಿಡಲು ಜಾಗ ಇಲ್ಲದ ಹೋಟೆಲ್‌ಗಳು ಮುಚ್ಚಿದ್ದನ್ನು ನೋಡಿದ್ದೇನೆ. ಸಪ್ಪೆ ಸಾಂಬಾರ್ ಹಾಕುತ್ತಾ ವರ್ಷಗಟ್ಟಲೆ ಆರಾಮಾಗಿ ನಡೆದವನ್ನೂ ನೋಡಿದ್ದೇನೆ. ಈ ಊರಿನಲ್ಲಿ ಹೋಟೆಲ್ ಎಲ್ಲಿ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಅನ್ನುವುದನ್ನು ಬಹುಪಾಲು ತೀರ್ಮಾನಿಸುವುದು ಅದರ ಕೆಳಗಿನ ನೆಲ. ಆ ನೆಲ ಯಾರದು, ಎಷ್ಟಕ್ಕೆ ಕೊಟ್ಟಿದ್ದಾರೆ, ಎಷ್ಟು ದಿನಕ್ಕೆ ಕೊಟ್ಟಿದ್ದಾರೆ. ಇವತ್ತಿನ ನನ್ನ ಮಾತು ಇಷ್ಟೇ. ಉಳಿದದ್ದೆಲ್ಲ ಉದಾಹರಣೆ.

ನೀವೆಲ್ಲ ಮಲ್ಲೇಶ್ವರದವರು. ನಿಮ್ಮ ಮುಂದೆ ನಿಂತು ಸಂಪಿಗೆ ರಸ್ತೆಯ ನ್ಯೂ ಕೃಷ್ಣ ಭವನದ ವಿಷಯ ಎತ್ತದಿದ್ದರೆ ಹೊರಗೆ ಬಿಡುವುದಿಲ್ಲ ಅಂತ ಗೊತ್ತು. 1954ರಲ್ಲಿ ಶುರುವಾಗಿದ್ದು, 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಸುದ್ದಿ ಹೊರಬಿದ್ದ ಮೇಲೆ ಜನ ಹೇಗೆ ಮುಗಿಬಿದ್ದರು ಅಂತ ನೀವೇ ನೋಡಿದ್ದೀರಿ. ಬಟನ್ ಇಡ್ಲಿ, ಹಸಿರು ಮಸಾಲೆ ಇಡ್ಲಿಗೆ ಸಾಲು ನಿಂತರು. ಗಿರಾಕಿ ಇಲ್ಲದೆ ಮುಚ್ಚಿದ ಹೋಟೆಲ್ ಅಂತ ಅದನ್ನು ಯಾರಾದರೂ ಅನ್ನಲಿಕ್ಕೆ ಆಗುತ್ತದಾ? ಜಾಗ ಮಾರಾಟವಾಯಿತು ಅಂತ ಪತ್ರಿಕೆಗಳಲ್ಲಿ ಬಂತು. ಅಷ್ಟೇ ಕಾರಣ ಸಾಕು.

ಸಂಪಿಗೆ ರಸ್ತೆಯಲ್ಲಿ ಒಂದು ದೊಡ್ಡ ಸೈಟು ಅಂದರೆ ಇವತ್ತು ಏನು ಬೆಲೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆ ದುಡ್ಡನ್ನು ಸುಮ್ನೆ ಬ್ಯಾಂಕಿನಲ್ಲಿಟ್ಟು ಮನೆಯಲ್ಲಿ ಕೂತರೂ ಬರುವ ಬಡ್ಡಿಯನ್ನು ಇಡ್ಲಿ ಮಾರಿ ಗಳಿಸುವುದು ಕಷ್ಟ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಲೆ ಹಚ್ಚಬೇಕು. ಕೆಲಸಕ್ಕೆ ಬರದ ಹುಡುಗನಿಗೆ ಫೋನ್ ಮಾಡಬೇಕು. ಆರೋಗ್ಯ ಇಲಾಖೆಯವರು ಬಂದರೆ ಎದ್ದು ನಿಲ್ಲಬೇಕು. ಮಕ್ಕಳು ಬೇರೆ ಕೆಲಸದಲ್ಲಿದ್ದರೆ 'ಯಾಕಪ್ಪಾ ಇನ್ನೂ ಈ ಒದ್ದಾಟ' ಅಂತ ಕೇಳಿಯೇ ಕೇಳುತ್ತಾರೆ. ಸ್ವಂತ ಜಾಗ ಇದ್ದರೆ ಹೋಟೆಲ್ ಉಳಿಯುತ್ತದೆ ಅಂತ ನಾವು ಅಂದುಕೊಂಡಿದ್ದೇವಲ್ಲ, ಅದು ಅರ್ಧ ನಿಜ ಮಾತ್ರ. ಬಾಡಿಗೆಯವನನ್ನು ಬಾಡಿಗೆ ಓಡಿಸುತ್ತದೆ. ಸ್ವಂತ ಜಾಗದವನನ್ನು ಜಾಗದ ಬೆಲೆಯೇ ಕರೆಯುತ್ತದೆ.

ಹಿಂದೆ ಹೀಗಿರಲಿಲ್ಲ. ಕರಾವಳಿಯಿಂದ ಈ ಊರಿಗೆ ಅಡುಗೆಯವರು ಬಂದ ಕತೆ ನಿಮಗೆ ಗೊತ್ತೇ ಇದೆ. 1923ರಲ್ಲಿ ದಕ್ಷಿಣ ಕನ್ನಡದಲ್ಲಿ ದೊಡ್ಡ ನೆರೆ ಬಂತು. ಅದಕ್ಕೂ ಮುಂಚಿನಿಂದಲೇ ಜನ ಹೊರಡುತ್ತಿದ್ದರು, ನೆರೆ ಇನ್ನಷ್ಟು ಜನರನ್ನು ಹೊರಡಿಸಿತು. ಕೋಟ ಸಮೀಪದ ಪಾರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ಶುರು ಮಾಡಿದ ಬ್ರಾಹ್ಮಣ್ ಕಾಫಿ ಕ್ಲಬ್ಬೇ ಮುಂದೆ 1960ರಲ್ಲಿ ಲಾಲ್‌ಬಾಗ್ ರಸ್ತೆಗೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್ ಆಯಿತು. 1943ರಲ್ಲಿ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಬಂತು. ಹೆಸರೇ ಹೇಳುವ ಹಾಗೆ, ಸುತ್ತಲಿನ ಶಾಲೆ ಕಾಲೇಜಿನ ಹುಡುಗರನ್ನು ನಂಬಿಕೊಂಡು ಶುರುವಾದ ಹೋಟೆಲ್. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ. ಮುಗೀತು. ಸಾಂಬಾರ್ ಕೂಡ ಇಲ್ಲ. ಲೆಕ್ಕದವನ ಕಣ್ಣಿಗೆ ಅದು ಬಹಳ ಚೆಂದದ ಹೋಟೆಲ್. ಐದು ತಿಂಡಿಗೆ ಬೇಕಾದ ಸಾಮಾನು ಕಡಿಮೆ, ಮಿಕ್ಕಿ ಹಾಳಾಗುವುದು ಕಡಿಮೆ, ಜಾಗವೂ ಕಡಿಮೆ ಸಾಕು.

ಆ ಕಾಲದಲ್ಲಿ ಹೋಟೆಲ್‌ಗಳು ಮುಚ್ಚುವುದಕ್ಕಿಂತ ಕೈ ಬದಲಾಯಿಸುತ್ತಿದ್ದದ್ದೇ ಹೆಚ್ಚು. ವಿದ್ಯಾರ್ಥಿ ಭವನವನ್ನು ಶುರು ಮಾಡಿದವರು ಸಾಲಿಗ್ರಾಮದ ಉರಾಳರು. 1970ರಲ್ಲಿ ಅದು ಅಡಿಗರ ಕೈಗೆ ಬಂತು. ನಿಮ್ಮ ಮಾರ್ಗೋಸಾ ರಸ್ತೆಯ ಸಿಟಿಆರ್ ಹೋಟೆಲ್ ನೋಡಿ. ಕೈ ಬದಲಾದ ಮೇಲೆ ಬೋರ್ಡಿನಲ್ಲಿ ಶ್ರೀ ಸಾಗರ್ ಅಂತಿದೆ. ಯಾರಾದರೂ ಹಾಗೆ ಕರೆಯುತ್ತಾರಾ? ಮಾಲೀಕರಿಗೆ ಸುಸ್ತಾದರೆ ನೆಂಟರೊಬ್ಬರೋ, ಹಳೇ ಅಡುಗೆಯವರೋ, ಊರ ಕಡೆಯ ಪರಿಚಯದವರೋ ಗುಡ್‌ವಿಲ್, ಅಂದರೆ ಹೋಟೆಲಿನ ಹೆಸರಿಗೆ ಒಂದು ಬೆಲೆ ಕೊಟ್ಟು ತೆಗೆದುಕೊಳ್ಳುತ್ತಿದ್ದರು. ಹೆಂಚು ಅದೇ, ಹಿಟ್ಟು ರುಬ್ಬುವವರು ಅವರೇ, ಗಿರಾಕಿಗಳೂ ಅವರೇ. ಗಲ್ಲಾದಲ್ಲಿ ಕೂತವರು ಮಾತ್ರ ಬೇರೆ.

ಇದು ಸಾಧ್ಯವಾಗಿದ್ದಕ್ಕೆ ಹಿಂದೆ ಒಂದು ಕಾನೂನಿತ್ತು. 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆ. ಆ ಕಾಯ್ದೆ ಇದ್ದಾಗ ಬಾಡಿಗೆದಾರನನ್ನು ಎಬ್ಬಿಸುವುದು ಸುಲಭವಿರಲಿಲ್ಲ. ಬಾಡಿಗೆಯನ್ನು ಮನಸ್ಸಿಗೆ ಬಂದಷ್ಟು ಏರಿಸುವುದೂ ಸುಲಭವಿರಲಿಲ್ಲ. ಕಟ್ಟಡದ ಮಾಲೀಕರಿಗೆ ಇದರಿಂದ ಅನ್ಯಾಯವಾಯಿತು ಅನ್ನುವುದೂ ನಿಜವೇ. ಮುಖ್ಯ ರಸ್ತೆಯಲ್ಲಿ ಕಟ್ಟಡ ಇಟ್ಟುಕೊಂಡು ತಿಂಗಳಿಗೆ ಪುಡಿಗಾಸು ಎಣಿಸಿಕೊಂಡವರು ಎಷ್ಟೋ ಜನ. ಆಮೇಲೆ 1999ರ ಬಾಡಿಗೆ ಕಾಯ್ದೆ ಬಂತು. ಜಾರಿಯಾಗಿದ್ದು 2001ರ ಡಿಸೆಂಬರ್ ಕೊನೆಗೆ. ಅದರಲ್ಲಿ ಒಂದು ಸಣ್ಣ ವಾಕ್ಯವಿದೆ. ವ್ಯಾಪಾರದ ಜಾಗ 14 ಚದರ ಮೀಟರ್‌ಗಿಂತ ದೊಡ್ಡದಿದ್ದರೆ ಈ ಕಾಯ್ದೆಯ ರಕ್ಷಣೆ ಇಲ್ಲ. 14 ಚದರ ಮೀಟರ್ ಅಂದರೆ ಸುಮಾರು 150 ಚದರ ಅಡಿ. ಒಂದು ಬೀಡಾ ಅಂಗಡಿ, ಒಂದು ಸಣ್ಣ ಟೀ ಅಂಗಡಿ ಅದರಲ್ಲಿ ಹಿಡಿಸಬಹುದು. ಹೋಟೆಲ್ ಎಲ್ಲಿ ಹಿಡಿಸುತ್ತದೆ?

ಬೆಂಗಳೂರಿನ ಹೋಟೆಲ್ ಇತಿಹಾಸ ಬರೆಯುವವರು ರವೆ ಇಡ್ಲಿ ಬಗ್ಗೆ ಬರೆಯುತ್ತಾರೆ, ಬೆಣ್ಣೆ ದೋಸೆ ಬಗ್ಗೆ ಬರೆಯುತ್ತಾರೆ. ಈ 14 ಚದರ ಮೀಟರ್ ಬಗ್ಗೆ ಯಾರೂ ಬರೆಯುವುದಿಲ್ಲ. ನನ್ನ ಪ್ರಕಾರ ಈ ಊರಿನ ಬೀದಿಗಳನ್ನು ಬದಲಾಯಿಸಿದ್ದರಲ್ಲಿ ಆ ವಾಕ್ಯದ ಪಾಲು ದೊಡ್ಡದು. ಅದೇ ಹೊತ್ತಿಗೆ ಐಟಿ ದುಡ್ಡು ಬಂತು. ಹಳೇ ಕರಾರು ಮುಗಿದ ಕಡೆಯೆಲ್ಲ ಹೊಸ ಬಾಡಿಗೆ ಮಾತು ಶುರುವಾಯಿತು. ಮೊದಲಿನ ಹಾಗೆ ಕೈ ಬದಲಾಯಿಸಲಿಕ್ಕೂ ಆಗುವುದಿಲ್ಲ. ಹಳೇ ಅಡುಗೆಯವರು ಹೋಟೆಲ್ ತೆಗೆದುಕೊಳ್ಳಲು ತಯಾರಿರುತ್ತಾರೆ, ಆದರೆ ಹೆಸರು ಬದಲಾದ ದಿನವೇ ಬಾಡಿಗೆಯೂ ಬದಲಾಗುತ್ತದೆ. ಹಳೇ ಬಾಡಿಗೆಗೆ ಲಾಭದಲ್ಲಿದ್ದ ಹೋಟೆಲ್ ಹೊಸ ಬಾಡಿಗೆಗೆ ಮೊದಲ ದಿನದಿಂದಲೇ ನಷ್ಟ.

ಸರ್ಕಾರದ ಕಡೆಯಿಂದ ನೇರವಾಗಿ ಹೊಡೆತ ಬಿದ್ದ ಕಾಲವೂ ಇದೆ, ಅದನ್ನು ಮರೆಯಬಾರದು. ತುರ್ತು ಪರಿಸ್ಥಿತಿಯಲ್ಲಿ ತಿಂಡಿಯ ದರವನ್ನು ಸರ್ಕಾರವೇ ಕಟ್ಟಿಹಾಕಿತು. ಆ ದರಕ್ಕೆ ತಮ್ಮ ಗುಣಮಟ್ಟದ ತಿಂಡಿ ಕೊಡಲು ಆಗುವುದಿಲ್ಲ ಅಂತ ಎಂಟಿಆರ್ ಬಾಗಿಲು ಹಾಕಿತು. ಕೆಲಸಗಾರರನ್ನು ಉಳಿಸಿಕೊಳ್ಳಬೇಕಲ್ಲ, ಅದಕ್ಕೆ ಹಿಟ್ಟು, ಪುಡಿಗಳನ್ನು ಪೊಟ್ಟಣ ಕಟ್ಟಿ ಮಾರುವುದಕ್ಕೆ ಇಳಿಯಿತು. ಆ ಪೊಟ್ಟಣದ ವ್ಯಾಪಾರ ಎಷ್ಟು ಬೆಳೆಯಿತು ಅಂದರೆ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಅದನ್ನು ಕೊಂಡುಕೊಂಡಿತು. ಹೋಟೆಲ್ ಮಾತ್ರ ಕುಟುಂಬದಲ್ಲೇ ಉಳಿಯಿತು.

ಈಗ ದರ್ಶಿನಿಗೆ ಬರೋಣ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಯಾಕೆಂದರೆ ಬಾಡಿಗೆಗೆ ಬೆಂಗಳೂರು ಕೊಟ್ಟ ಉತ್ತರ ಅದೇ.

1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಅಂತ ಒಂದು ಹೋಟೆಲ್ ಬಂತು. ಈ ಮಾದರಿಯ ಹಿಂದೆ ಇದ್ದವರು ಆರ್. ಪ್ರಭಾಕರ್. ಓದಿದ್ದು ಎಂಜಿನಿಯರಿಂಗ್. ಕುರ್ಚಿ ತೆಗೆದರು. ಸಪ್ಲೈಯರ್ ತೆಗೆದರು. ಗಲ್ಲಾದಲ್ಲಿ ದುಡ್ಡು ಕೊಟ್ಟು ಟೋಕನ್ ತಗೊಳ್ಳಿ, ಕೌಂಟರಿನಲ್ಲಿ ತಟ್ಟೆ ಇಸ್ಕೊಳ್ಳಿ, ನಿಂತು ತಿನ್ನಿ, ಹೊರಡಿ. ಅಡುಗೆಮನೆ ಕಣ್ಣೆದುರೇ ಇರುತ್ತದೆ. ಇದನ್ನು ಎಲ್ಲರೂ 'ಅವಸರದ ಕಾಲಕ್ಕೆ ತಕ್ಕ ಹೋಟೆಲ್' ಅನ್ನುತ್ತಾರೆ. ಗಿರಾಕಿಗೆ ಅವಸರವಿತ್ತು, ಸರಿ. ಆದರೆ ಗಿರಾಕಿಗಿಂತ ಹೆಚ್ಚಿನ ಅವಸರ ಇದ್ದದ್ದು ಬಾಡಿಗೆಗೆ.

ಸುಮ್ನೆ ಒಂದು ಲೆಕ್ಕ ಹಾಕೋಣ. ನಲವತ್ತು ಕುರ್ಚಿಯ ಹೋಟೆಲ್ ಅಂದುಕೊಳ್ಳಿ. ಒಬ್ಬರು ಬಂದು ಕೂತು, ಆರ್ಡರ್ ಕೊಟ್ಟು, ತಿಂದು, ಬಿಲ್ಲು ಬರುವವರೆಗೆ ಪೇಪರ್ ಓದಿ ಏಳಲು ಅರ್ಧ ಗಂಟೆ. ಗಂಟೆಗೆ ಹೆಚ್ಚೆಂದರೆ ಎಂಬತ್ತು ಜನ. ಅದೇ ನಲವತ್ತು ಜನ ನಿಂತು ಹತ್ತು ನಿಮಿಷದಲ್ಲಿ ಮುಗಿಸಿದರೆ ಗಂಟೆಗೆ ಇನ್ನೂರ ನಲವತ್ತು. ನಿಂತವರಿಗೆ ಕೂತವರಷ್ಟು ಜಾಗವೂ ಬೇಡ. ಒಂದೇ ಅಂಗಡಿ, ಒಂದೇ ಬಾಡಿಗೆ, ಮೂರು ಪಟ್ಟು ವ್ಯಾಪಾರ. ಇನ್ನೊಂದು ಗುಟ್ಟಿದೆ. ತಿನ್ನುವ ಮುಂಚೆಯೇ ದುಡ್ಡು ಬಂದುಬಿಡುತ್ತದೆ. ಹಾಲಿನವರಿಗೆ, ತರಕಾರಿಯವರಿಗೆ ಆಮೇಲೆ ಕೊಟ್ಟರೆ ನಡೆಯುತ್ತದೆ. ಕೈಯಲ್ಲಿ ಸದಾ ಕಾಸು ಆಡುತ್ತಿರುತ್ತದೆ. ಕಡಿಮೆ ಬಂಡವಾಳದವರೂ ಹೋಟೆಲ್ ಇಡಲು ಧೈರ್ಯ ಮಾಡಿದ್ದು ಇದರಿಂದಲೇ. ಆಮೇಲೆ ಬಡಾವಣೆಗೆ ಒಂದರಂತೆ, ರಸ್ತೆಗೆ ಒಂದರಂತೆ ದರ್ಶಿನಿಗಳು, ಸಾಗರ್‌ಗಳು ಎದ್ದವು.

ಆದರೆ ಬಾಡಿಗೆ ಬುದ್ಧಿವಂತ. ದರ್ಶಿನಿಗೆ ಎಷ್ಟು ವ್ಯಾಪಾರ ಆಗುತ್ತದೆ ಅಂತ ಕಟ್ಟಡದ ಮಾಲೀಕರಿಗೂ ಕಾಣುತ್ತದೆ, ಅಲ್ವಾ? ಮುಂದಿನ ಕರಾರಿನಲ್ಲಿ ಆ ಮೂರು ಪಟ್ಟು ವ್ಯಾಪಾರದ ಪಾಲು ಅವರಿಗೂ ಬೇಕು. ಈಗ ಇನ್ನೊಂದು ಲೆಕ್ಕ. ತಿಂಗಳ ಬಾಡಿಗೆ ಒಂದು ಲಕ್ಷ ಅಂದುಕೊಳ್ಳಿ. ವ್ಯಾಪಾರದ ಬಾಡಿಗೆ ಮೇಲೆ ಜಿಎಸ್‌ಟಿ 18%. ಒಟ್ಟು 1 ಲಕ್ಷದ 18 ಸಾವಿರ. ದಿನಕ್ಕೆ ಭಾಗಿಸಿದರೆ 3,933 ರೂಪಾಯಿ. ಕಾಫಿ 20 ರೂಪಾಯಿ. ಹಾಲು, ಪುಡಿ, ಸಕ್ಕರೆ, ಗ್ಯಾಸ್, ಸಂಬಳ ಎಲ್ಲ ಕಳೆದು ಒಂದು ಕಾಫಿಗೆ 4 ರೂಪಾಯಿ ಉಳಿಯಿತು ಅನ್ನೋಣ. ಬಾಡಿಗೆಗೆ ಮಾತ್ರವೇ ದಿನಕ್ಕೆ 983 ಕಾಫಿ ಮಾರಬೇಕು. ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಇರುವುದು 900 ನಿಮಿಷ. ಅಂದರೆ ನಿಮಿಷಕ್ಕೆ ಒಂದು ಕಾಫಿ ಎತ್ತಿಕೊಟ್ಟರೂ ಬಾಡಿಗೆ ಪೂರ್ತಿ ಹುಟ್ಟಲಿಲ್ಲ. ಹೋಟೆಲ್ ಮಾಲೀಕರ ಮನೆಗೆ ಅಕ್ಕಿ ಇನ್ನೂ ಬಂದಿಲ್ಲ. ಬಾಡಿಗೆ ಒಂದೂವರೆ ಲಕ್ಷಕ್ಕೆ ಏರಿದರೆ 1,475 ಕಾಫಿ.

ಈ 18% ಬಗ್ಗೆ ಒಂದು ಮಾತು. 2017ರ ನವೆಂಬರ್ 15ರಿಂದ ಹೋಟೆಲ್ ಬಿಲ್ಲಿನ ಮೇಲೆ ತೆರಿಗೆ 5%ಗೆ ಇಳಿಯಿತು ಅಂತ ನಾವೆಲ್ಲ ಖುಷಿಪಟ್ಟೆವು. ಅದರ ಜೊತೆಗೇ ಹೋಟೆಲ್‌ನವರು ತಮ್ಮ ಖರ್ಚಿನ ಮೇಲೆ ಕಟ್ಟಿದ ತೆರಿಗೆಯನ್ನು, ಗಿರಾಕಿಯಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆಯಲ್ಲಿ ವಾಪಸ್ ಹಿಡಿದುಕೊಳ್ಳುವ ಅವಕಾಶ ಹೋಯಿತು. ಬಾಡಿಗೆ ಮೇಲೆ ಕಟ್ಟಿದ 18% ಪೂರ್ತಿ ಖರ್ಚು. ಬಟ್ಟೆ ಅಂಗಡಿಯವರಿಗೆ ಈ ತಲೆನೋವಿಲ್ಲ, ಅವರು ಹಿಡಿದುಕೊಳ್ಳಬಹುದು. ಪಕ್ಕಪಕ್ಕದ ಎರಡು ಮಳಿಗೆ, ಒಂದೇ ಬಾಡಿಗೆ. ಆದರೂ ಹೋಟೆಲ್‌ಗೆ ಬೀಳುವ ಭಾರ ಜಾಸ್ತಿ.

ಇದರ ಮೇಲೆ ಹಾಲು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. 19 ಕೆ.ಜಿ. ಸಿಲಿಂಡರಿನ ದರ ತಿಂಗಳ ಒಂದನೇ ತಾರೀಕು ಏನಾಗುತ್ತದೋ ನೋಡಬೇಕು. ಕಾಫಿಗೆ ಎರಡು ರೂಪಾಯಿ ಏರಿಸಿದರೆ ನಾವು ಗಿರಾಕಿಗಳು ಎಷ್ಟು ಗೊಣಗುತ್ತೇವೆ! ಮಾಲ್‌ನಲ್ಲಿ ಅದೇ ಹಾಲು, ಅದೇ ಚಿಕ್ಕಮಗಳೂರಿನ ಬೀಜದ ಕಾಫಿಗೆ ಇನ್ನೂರೈವತ್ತು ಕೊಟ್ಟು ಬಾಯಿ ಮುಚ್ಚಿಕೊಂಡು ಬರುತ್ತೇವೆ. ಹಾಗೆ ನೋಡಿದರೆ ಆ ಇನ್ನೂರೈವತ್ತರಲ್ಲೂ ನಾವು ಕೊಡುವುದು ಕೂರುವ ಜಾಗದ ಬಾಡಿಗೆಯೇ. ಲ್ಯಾಪ್‌ಟಾಪ್ ತೆಗೆದು ಎರಡು ಗಂಟೆ ಕೂರಬಹುದು. ಬ್ರಿಗೇಡ್ ರಸ್ತೆಯಲ್ಲಿ 1996ರಲ್ಲಿ ಕೆಫೆ ಕಾಫಿ ಡೇ ಶುರುವಾದಾಗಲೂ ಕಾಫಿಯ ಜೊತೆ ಇಂಟರ್ನೆಟ್ ಇಟ್ಟಿದ್ದರು. ಗಿರಾಕಿಯನ್ನು ಬೇಗ ಎಬ್ಬಿಸುವುದು ದರ್ಶಿನಿಯ ದಾರಿ. ಕೂರಲು ಬಿಟ್ಟು ಅದಕ್ಕೆ ದುಡ್ಡು ತಗೊಳ್ಳುವುದು ಕೆಫೆಯ ದಾರಿ. ನಡುವೆ ಇದ್ದದ್ದು ಹಳೇ ಹೋಟೆಲ್. ಕೂರಲು ಬಿಡುತ್ತಿತ್ತು, ದುಡ್ಡೂ ಕೇಳುತ್ತಿರಲಿಲ್ಲ. ಅದಕ್ಕೇ ಅದು ಹೆಚ್ಚು ಪೆಟ್ಟು ತಿಂದಿತು.

ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ ಅಂಥದ್ದೇ. ಐವತ್ತರ ದಶಕದಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ 1957ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ್ದು. ಮುಚ್ಚಬೇಕಿದ್ದ ಹೋಟೆಲನ್ನು ಸಪ್ಲೈಯರ್‌ಗಳೇ ಸೇರಿ ಉಳಿಸಿಕೊಂಡ ಕತೆ ಇದು. ಪೇಟ ಕಟ್ಟಿದ, ಬಿಳಿ ಉಡುಪಿನ ಅವರನ್ನು ನೀವು ನೋಡಿದ್ದೀರಿ. ಸರ್ಕಾರ ಕೈಬಿಟ್ಟಾಗಲೂ ಉಳಿದ ಆ ಹೋಟೆಲ್ 2009ರ ಏಪ್ರಿಲ್‌ನಲ್ಲಿ ಎಂ.ಜಿ. ರಸ್ತೆಯ ಜಾಗವನ್ನು ಕಟ್ಟಡದ ಒಡೆಯರಿಗೆ ಬಿಟ್ಟುಕೊಡಬೇಕಾಯಿತು. ಆಮೇಲೆ ಚರ್ಚ್ ಸ್ಟ್ರೀಟಿಗೆ ಹೋಯಿತು. ಕಾಫಿ, ಸ್ಕ್ರ್ಯಾಂಬಲ್ಡ್ ಎಗ್ಸ್, ಮಸಾಲೆ ದೋಸೆ ಎಲ್ಲ ಜೊತೆಗೆ ಹೋದವು. ರಸ್ತೆ ನೋಡುತ್ತಾ ಕೂರುವುದು ಮಾತ್ರ ಹೋಗಲಿಲ್ಲ. ಅದು ಎಂ.ಜಿ. ರಸ್ತೆಯದು.

ದಂಡು ಪ್ರದೇಶ ದಾಟಿ ಪೂರ್ವಕ್ಕೆ ಹೋದರೆ ಇಂದಿರಾನಗರ. ಅಲ್ಲಿ ಇನ್ನೊಂದು ಬಗೆಯ ಕತೆ. ಅಲ್ಲಿನ ಹೋಟೆಲ್‌ಗಳು ಹೋಟೆಲ್‌ಗಾಗಿ ಕಟ್ಟಿದ ಕಟ್ಟಡದಲ್ಲಿಲ್ಲ, ಮನೆಗಳಲ್ಲಿವೆ. ನಿವೃತ್ತರು ಕಟ್ಟಿಸಿದ ಮನೆ, ಮಕ್ಕಳು ದೂರ, ಮನೆ ದೊಡ್ಡದು. ಹನ್ನೆರಡನೇ ಮೇನ್‌ನಲ್ಲಿ ನಡೆದುಕೊಂಡು ಹೋಗಿ ನೋಡಿ. ಎಷ್ಟೋ ರೆಸ್ಟೋರೆಂಟ್‌ಗಳಲ್ಲಿ ಇನ್ನೂ ಮನೆಯ ಮೆಟ್ಟಿಲು, ಮನೆಯ ಕಿಟಕಿ ಕಾಣುತ್ತದೆ. ಮನೆ ಬಾಡಿಗೆಗೂ ರೆಸ್ಟೋರೆಂಟ್ ಬಾಡಿಗೆಗೂ ಇರುವ ಅಂತರ ನೋಡಿದರೆ ಮಾಲೀಕರನ್ನು ಬೈಯಲಾಗುವುದಿಲ್ಲ. ಪಕ್ಕದ ಮನೆಯಲ್ಲಿ ಉಳಿದವರನ್ನೂ ಬೈಯಲಾಗುವುದಿಲ್ಲ. ರಾತ್ರಿ ಒಂದು ಗಂಟೆಗೆ ವ್ಯಾಲೆ ಹುಡುಗರು ಗೇಟಿನ ಮುಂದೆ ಕಾರು ನಿಲ್ಲಿಸಿ ಕಿರುಚುತ್ತಿದ್ದರೆ ಯಾರಿಗೆ ನಿದ್ದೆ ಬರುತ್ತದೆ? ಅವರು ಕೋರ್ಟಿಗೆ ಹೋದರು, ಪಾಲಿಕೆಗೆ ಹೋದರು. ಆಗಾಗ ಪಾಲಿಕೆಯವರು ಬಂದು ಬೀಗ ಹಾಕುತ್ತಾರೆ, ಆಗಾಗ ಬೀಗ ತೆಗೆಯುತ್ತಾರೆ.

ಅದೇ ಇಂದಿರಾನಗರದ ಸಿಎಂಎಚ್ ರಸ್ತೆಯ ವ್ಯಾಪಾರಿಗಳು ಮೆಟ್ರೋ ಬರುವಾಗ ಹೋರಾಡಿದ್ದು ನಿಮಗೆ ನೆನಪಿರಬಹುದು. 2011ರ ಅಕ್ಟೋಬರ್ 20ರಂದು ಮೊದಲ ರೈಲು ಓಡಿತು. ಅಷ್ಟರೊಳಗೆ ಅಗೆದ ರಸ್ತೆಯ ಧೂಳು ಕುಡಿದು ಕೈಚೆಲ್ಲಿದವರು ಬೇರೆ, ರೈಲು ಬಂದ ಮೇಲೆ ಲಾಭ ಉಂಡವರು ಬೇರೆ. ಗಾಂಧಿ ಬಜಾರ್ ಅಗೆದಾಗಲೂ ಹೀಗೇ. ರಸ್ತೆ ಮುಚ್ಚಿದ ಅಷ್ಟೂ ತಿಂಗಳು ಬಾಡಿಗೆ ಮಾತ್ರ ಮುಚ್ಚುವುದಿಲ್ಲವಲ್ಲ.

ಬಾರ್, ಪಬ್ ವಿಷಯ ಬೇಗ ಮುಗಿಸುತ್ತೇನೆ, ಹಿರಿಯರು ಮುಖ ಸಿಂಡರಿಸುತ್ತಿದ್ದಾರೆ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂತ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಹೇಳಿತು. ನಮ್ಮಲ್ಲಿ ಲೈಸೆನ್ಸ್ ನವೀಕರಣ ಜುಲೈ 1ಕ್ಕೆ. 2017ರ ಜುಲೈ 1ರಂದು ಎಂ.ಜಿ. ರಸ್ತೆ, ಇಂದಿರಾನಗರದ ಎಷ್ಟೋ ಪಬ್‌ಗಳು ಬಾಗಿಲು ಹಾಕಿದವು. ಅದೇ ತಿಂಗಳು ನಗರದೊಳಗಿನ ರಸ್ತೆಗೆ ಇದು ಅನ್ವಯಿಸುವುದಿಲ್ಲ ಅಂತ ಕೋರ್ಟ್ ಸ್ಪಷ್ಟ ಮಾಡಿತು. ಕ್ರಮೇಣ ತೆರೆದವು. ನೆಲ ಯಾರದು ಅನ್ನುವುದು ಒಂದು ಪ್ರಶ್ನೆಯಾದರೆ, ನಕ್ಷೆಯಲ್ಲಿ ಆ ನೆಲದ ಪಕ್ಕದ ರಸ್ತೆಗೆ ಏನು ಹೆಸರು ಅನ್ನುವುದೂ ಒಂದು ಪ್ರಶ್ನೆ.

ಕೊರೋನಾ ಕಾಲವನ್ನು ಹೇಳಲೇಬೇಕು. 2020ರ ಮಾರ್ಚ್ 25ರಿಂದ ಜೂನ್ 8ರವರೆಗೆ ಹೋಟೆಲ್‌ನಲ್ಲಿ ಕೂತು ತಿನ್ನುವ ಹಾಗಿರಲಿಲ್ಲ. ಪಾರ್ಸಲ್ ಮಾತ್ರ. ಆಗ ಯಾವ ಹೋಟೆಲ್ ಉಳಿಯುತ್ತದೆ ಅಂತ ಊಹಿಸಲು ಲೆಕ್ಕದವನಿಗೆ ಒಂದೇ ಪ್ರಶ್ನೆ ಸಾಕಿತ್ತು. ಕಟ್ಟಡದವರು ಬಾಡಿಗೆ ಬಿಟ್ಟರಾ? ಬಿಟ್ಟವರಿದ್ದರು, ಅದನ್ನೂ ಹೇಳಬೇಕು. ಒಬ್ಬರು ಅಜ್ಜಿ, ಹೆಸರು ಬೇಡ, 'ನೀವು ಒಲೆ ಹಚ್ಚಿದ ದಿನದಿಂದ ಕೊಡಿ' ಅಂದುಬಿಟ್ಟರು. ಆ ಹೋಟೆಲ್ ಇವತ್ತೂ ನಡೆಯುತ್ತಿದೆ. ಅಡ್ವಾನ್ಸಿನಲ್ಲಿ ಬಾಡಿಗೆ ಮುರಿದುಕೊಂಡವರೇ ಹೆಚ್ಚು. ಹತ್ತು ತಿಂಗಳ ಅಡ್ವಾನ್ಸ್ ಕರಗಿದ ಮೇಲೆ ಮಾಲೀಕರಿಗೂ ಹೋಟೆಲ್‌ನವರಿಗೂ ಮಾತಾಡಲು ಏನೂ ಉಳಿಯಲಿಲ್ಲ.

ಮುಚ್ಚುವುದನ್ನೇ ಹೇಳಿ ನಿಮ್ಮ ಸಂಜೆ ಹಾಳು ಮಾಡುವುದಿಲ್ಲ. ತೆರೆಯುವುದು ಎಲ್ಲಿ? ಮಾರತ್ತಹಳ್ಳಿ, ವೈಟ್‌ಫೀಲ್ಡ್, ಎಚ್‌ಎಸ್‌ಆರ್, ಸರ್ಜಾಪುರ ರಸ್ತೆ. ಪಿಜಿಗಳು ಸಾಲುಸಾಲಾಗಿ ಎದ್ದ ಬೀದಿಯಲ್ಲಿ ಆಂಧ್ರ ಮೆಸ್ ಏಳುತ್ತದೆ. ಒಡಿಶಾ, ಬಂಗಾಳ, ಈಶಾನ್ಯದ ಹುಡುಗರು ಹೆಚ್ಚಾದ ಕಡೆ ಅವರ ಊಟ ಬರುತ್ತದೆ. ಮೊದಲು ಕೆಲಸಕ್ಕೆ ಬಂದವರು, ಆಮೇಲೆ ಅವರಿಗೆ ಅನ್ನ ಹಾಕುವವರು. ನೂರು ವರ್ಷದ ಹಿಂದೆ ಕುಂದಾಪುರ, ಉಡುಪಿಯವರು ಬಂದದ್ದೂ ಹೀಗೇ ಅಲ್ವಾ? ಆಗ 'ಇವರೆಲ್ಲ ಎಲ್ಲಿಂದ ಬಂದರಪ್ಪ' ಅಂತ ಗೊಣಗಿದವರು ಇದ್ದೇ ಇರುತ್ತಾರೆ. ಈಗ ಉಡುಪಿ ಹೋಟೆಲ್‌ನ ಅಡುಗೆಮನೆ ಇಣುಕಿದರೆ ದೋಸೆ ಹುಯ್ಯುವ ಹುಡುಗ ಅಸ್ಸಾಮಿನವನಿರಬಹುದು. ಊರ ಕಡೆಯ ಮಾಣಿಗಳು ಓದಿ ಬೇರೆ ಕೆಲಸ ಹಿಡಿದರು. ಒಳ್ಳೆಯದೇ ಆಯಿತು.

ಹೊಸ ದರ್ಶಿನಿಗಳೂ ಬರುತ್ತಿವೆ. ರಾಮೇಶ್ವರಂ ಕೆಫೆ 2021ರಲ್ಲಿ ಇಂದಿರಾನಗರದಲ್ಲಿ ಶುರುವಾಯಿತು. ನಿಂತು ತಿನ್ನುವ ಹಳೇ ಮಾದರಿಯೇ, ಆದರೆ ದರ ಬೇರೆ, ಹೊತ್ತು ಬೇರೆ. ಬ್ರೂಕ್‌ಫೀಲ್ಡಿನ ಶಾಖೆಯಲ್ಲಿ 2024ರ ಮಾರ್ಚ್ 1ರಂದು ಬಾಂಬ್ ಸಿಡಿಯಿತು. ಹತ್ತು ದಿನದೊಳಗೆ ಮತ್ತೆ ತೆರೆದರು. ಅಷ್ಟು ಬೇಗ ತೆರೆದದ್ದಕ್ಕೆ ಧೈರ್ಯ ಅಂತ ಎಲ್ಲರೂ ಹೊಗಳಿದರು. ನಾನೂ ಹೊಗಳುತ್ತೇನೆ.

ಇಡೀ ಊರಿನಲ್ಲಿ ಬಾಡಿಗೆಯ ಚಿಂತೆ ಇಲ್ಲದ ಒಂದೇ ಹೋಟೆಲ್ ಸರಣಿ ಅಂದರೆ ಇಂದಿರಾ ಕ್ಯಾಂಟೀನ್. 2017ರ ಆಗಸ್ಟ್ 16ರಂದು ಶುರುವಾದಾಗ ತಿಂಡಿ 5 ರೂಪಾಯಿ, ಊಟ 10. ಜಾಗ ಸರ್ಕಾರದ್ದು, ಉಳಿದ ಖರ್ಚಿಗೂ ಸರ್ಕಾರದ ದುಡ್ಡು ಸೇರುತ್ತದೆ. ರಾಜಕೀಯ ಪಕ್ಕಕ್ಕಿಟ್ಟು ಬರೀ ಲೆಕ್ಕದ ಕಣ್ಣಿನಿಂದ ನೋಡಿ. ತಟ್ಟೆಯ ಬೆಲೆಯಿಂದ ನೆಲದ ಬೆಲೆ ತೆಗೆದರೆ ಅನ್ನ ಎಷ್ಟು ಅಗ್ಗವಾಗಬಹುದು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ನನ್ನ ಮಾತು ಇಲ್ಲಿಗೆ. ಕೇಳಿದ ಎರಡು ಪ್ರಶ್ನೆಗಳನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಒಬ್ಬ ಹುಡುಗ ಕೇಳಿದ: 'ಸಾರ್, ಈಗ ಎಲ್ಲರೂ ಆ್ಯಪ್‌ನಲ್ಲಿ ತರಿಸ್ತಾರೆ. ಮುಖ್ಯ ರಸ್ತೆಯಲ್ಲಿ ಅಂಗಡಿನೇ ಬೇಡ. ಬಾಡಿಗೆ ಸಮಸ್ಯೆ ಮುಗೀತಲ್ವಾ?'

ಒಳ್ಳೆಯ ಪ್ರಶ್ನೆ. ಸ್ವಿಗ್ಗಿ ಹುಟ್ಟಿದ್ದೇ ನಮ್ಮ ಕೋರಮಂಗಲದಲ್ಲಿ, 2014ರಲ್ಲಿ. ಒಳಗಲ್ಲಿಯಲ್ಲಿ ಶೆಡ್ ಹಾಕಿ ಬರೀ ಅಡುಗೆಮನೆ ನಡೆಸಿದರೆ ಕಟ್ಟಡದ ಬಾಡಿಗೆ ಉಳಿಯುತ್ತದೆ, ನಿಜ. ಆದರೆ ಆ್ಯಪ್‌ನವರು ಒಂದೊಂದು ಆರ್ಡರಿಗೂ ಕಮಿಷನ್ ಹಿಡಿಯುತ್ತಾರೆ, ಎಷ್ಟೋ ಕಡೆ ನೂರಕ್ಕೆ ಇಪ್ಪತ್ತು ರೂಪಾಯಿಗೂ ಮೀರಿ. ಹೆಸರು ಮೇಲೆ ಕಾಣಬೇಕು ಅಂದರೆ ಜಾಹೀರಾತಿಗೆ ಬೇರೆ ಕೊಡಬೇಕು. ನನ್ನ ಪುಸ್ತಕದಲ್ಲಿ ಅದನ್ನೂ ಬಾಡಿಗೆ ಕಾಲಮ್ಮಿಗೇ ಹಾಕುತ್ತೇನೆ. ಮೊದಲು ರಸ್ತೆಯ ಮೂಲೆಗೆ ಬಾಡಿಗೆ ಕೊಡುತ್ತಿದ್ದೆವು, ಈಗ ಫೋನಿನ ಪರದೆಯ ಮೂಲೆಗೆ. ಒಂದು ವ್ಯತ್ಯಾಸ ಇದೆ. ಕಟ್ಟಡದ ಮಾಲೀಕರ ಮನೆಗೆ ಹೋಗಿ 'ಈ ತಿಂಗಳು ಸ್ವಲ್ಪ ತಡ ಆಗುತ್ತೆ ಅಮ್ಮ' ಅನ್ನಬಹುದು.

ಇನ್ನೊಬ್ಬರು ಮಧ್ಯವಯಸ್ಸಿನ ಮಹಿಳೆ: 'ನಮ್ಮ ಯಜಮಾನ್ರು ಇನ್ನೇನು ರಿಟೈರ್ ಆಗ್ತಾರೆ. ಬಂದ ದುಡ್ಡಲ್ಲಿ ಒಂದು ದರ್ಶಿನಿ ಇಡ್ತೀನಿ ಅಂತ ಹಟ ಹಿಡಿದಿದ್ದಾರೆ. ಏನು ಹೇಳಲಿ?'

ಬೇಡ ಅನ್ನುವುದಿಲ್ಲ ಅಮ್ಮ. ಅಡುಗೆ ಭಟ್ಟರನ್ನು ಹುಡುಕುವ ಮುಂಚೆ ವಕೀಲರನ್ನು ಹುಡುಕಲು ಹೇಳಿ. ಹನ್ನೊಂದು ತಿಂಗಳ ಕರಾರಿಗೆ ಒಪ್ಪಬೇಡಿ. ಹೋಟೆಲ್ ನಿಲ್ಲಲು, ಜನ ಅಭ್ಯಾಸ ಮಾಡಿಕೊಳ್ಳಲು ಅಷ್ಟು ಸಮಯ ಬೇಕೇಬೇಕು. ಆಗ ಹೊರಡಿ ಅಂದರೆ ಹಾಕಿದ ಟೈಲ್ಸು, ಚಿಮಣಿ, ಕಲ್ಲಿನ ಕಟ್ಟೆ ಎಲ್ಲ ಅವರಿಗೇ. ಬಾಡಿಗೆ ವರ್ಷಕ್ಕೆ ಎಷ್ಟು ಏರುತ್ತದೆ ಅಂತ ಅಂಕಿಯಲ್ಲಿ ಬರೆಸಿ, 'ಮಾತಾಡಿಕೊಳ್ಳೋಣ' ಅನ್ನುವುದು ಬೇಡ. ಮೇಲಿನ ಮಹಡಿಯಲ್ಲಿ ಯಾರಿದ್ದಾರೆ ನೋಡಿ. ಒಗ್ಗರಣೆ ಹೊಗೆ ಅವರ ಕಿಟಕಿಗೆ ಹೋದರೆ ಮೊದಲ ದೂರು ಅಲ್ಲಿಂದಲೇ ಬರುತ್ತದೆ. ನೀರು ಎಲ್ಲಿಂದ ಅಂತ ಕೇಳಿ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನಂಬಿದವರ ಪಾಡು ನೋಡಿದ್ದೀರಿ. ಕರೆಂಟಿನ ಲೋಡ್ ಗ್ರೈಂಡರಿಗೆ ಸಾಕಾ ನೋಡಿ. ಒಂದು ವರ್ಷಕ್ಕಿಂತ ಹೆಚ್ಚಿನ ಕರಾರನ್ನು ನೋಂದಣಿ ಮಾಡಿಸಲೇಬೇಕು. ಅದಕ್ಕೆ ಮುದ್ರಾಂಕ ಶುಲ್ಕ ಇದೆ, ಅದು ಜಾಸ್ತಿ ಅಂತ ಕಟ್ಟಡದವರೂ ನಿಮ್ಮ ಯಜಮಾನ್ರೂ ಸೇರಿ ಹನ್ನೊಂದು ತಿಂಗಳಿಗೆ ಇಳಿಸಲು ನೋಡುತ್ತಾರೆ. ಆ ಖರ್ಚು ಮಾತ್ರ ಉಳಿಸೋಕೆ ಹೋಗಬೇಡಿ ಅಂತ ಹೇಳಿ.